ಹೆಸರು ನಾಲಿಗೆಯದು, ಲೆಕ್ಕ ಯಂತ್ರದ್ದು

ಕಳೆದ ವಾರ ನಮ್ಮ ಮನೆಗೆ ಬಂದ ಖಾರದ ಪುಡಿಯ ಪೊಟ್ಟಣವೊಂದರ ಮೇಲೆ ಮೂರು ಕೆಂಪು ಮೆಣಸಿನಕಾಯಿಗಳ ಚಿತ್ರವೂ ಅದರ ಕೆಳಗೆ ಖಾರವನ್ನು ಅಳೆಯುವ ಸ್ಕೋವಿಲ್ ಮಾನದ ಐದಂಕಿಯ ಸಂಖ್ಯೆಯೊಂದೂ ಇದ್ದವು. ಹಾವೇರಿ ಸೀಮೆಯ ನಮ್ಮ ಅತ್ತೆಯವರು ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು, "ಇದರಾಗ ಖಾರ ಎಲ್ಲೈತಿ, ಬರೇ ಬಣ್ಣ ಐತಿ" ಎಂದರು. ಅದೇ ಪುಡಿ ಹಾಕಿದ ಪಲ್ಯವನ್ನು ತಿಂದ ನನ್ನ ಮಗಳ ಗೆಳತಿ ಕಣ್ಣೀರು ಒರೆಸಿಕೊಳ್ಳುತ್ತ ಎರಡು ಲೋಟ ಮಜ್ಜಿಗೆ ಕುಡಿದಳು. ಆಹಾರ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಹಲವು ವರ್ಷ ದುಡಿದ ನನಗೆ ಇವರಿಬ್ಬರಲ್ಲಿ ಯಾರು ಸರಿ ಎಂಬ ಪ್ರಶ್ನೆ ಏಳಲಿಲ್ಲ. ಪೊಟ್ಟಣದ ಮೇಲಿನ ಆ ಸಂಖ್ಯೆ ಇವರಿಬ್ಬರಲ್ಲಿ ಯಾರ ಅನುಭವದ ಬಗ್ಗೆ ಮಾತನಾಡುತ್ತಿದೆ ಎಂಬ ಪ್ರಶ್ನೆ ಮಾತ್ರ ಬಿಡದೆ ಕಾಡಿತು.

ವಿಲ್ಬರ್ ಸ್ಕೋವಿಲ್ ಎಂಬ ಔಷಧ ತಜ್ಞ ಅಮೆರಿಕದ ಡೆಟ್ರಾಯ್ಟ್ ನಗರದ ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿಯಲ್ಲಿದ್ದಾಗ, 1912ರಲ್ಲಿ, ಈ ಮಾನವನ್ನು ರೂಪಿಸಿದ. ಔಷಧಕ್ಕೆ ಬಳಸುವ ಮೆಣಸಿನಕಾಯಿಯ ತೀಕ್ಷ್ಣತೆ ಪ್ರತಿ ಸಲವೂ ಒಂದೇ ಮಟ್ಟದಲ್ಲಿದೆಯೇ ಎಂದು ಪರೀಕ್ಷಿಸುವುದು ಅವನಿಗೆ ಬೇಕಾಗಿತ್ತು. ಒಣಮೆಣಸಿನಕಾಯಿಯ ಸಾರವನ್ನು ಮದ್ಯಸಾರದಲ್ಲಿ ಇಳಿಸಿಕೊಂಡು, ಅದಕ್ಕೆ ಸಕ್ಕರೆ ನೀರನ್ನು ಹೆಚ್ಚು ಹೆಚ್ಚಾಗಿ ಬೆರೆಸುತ್ತ ಹೋಗಿ, ರುಚಿ ನೋಡುವವರ ನಾಲಿಗೆಗೆ ಖಾರ ಇನ್ನೇನು ತಿಳಿಯದು ಎನ್ನುವ ಹಂತದಲ್ಲಿ ಎಷ್ಟು ಪಟ್ಟು ತೆಳುಮಾಡಲಾಗಿದೆಯೋ ಅದನ್ನೇ ಅಂಕಿಯಾಗಿ ಬರೆದುಕೊಳ್ಳುವುದು ಅವನ ಕ್ರಮ. ವಿಧಾನ ಸರಳವಾಗಿದೆ, ಜಾಣತನದ್ದೂ ಹೌದು. ಆದರೆ ಇಲ್ಲಿ ಅಳೆಯುತ್ತಿರುವುದು ಖಾರ ಎಷ್ಟು ಉರಿಯುತ್ತದೆ ಎಂಬುದನ್ನಲ್ಲ, ಅದು ಯಾವ ಹಂತದಲ್ಲಿ ಕಾಣೆಯಾಗುತ್ತದೆ ಎಂಬುದನ್ನು. ಊಟದ ತಟ್ಟೆಯ ಮುಂದೆ ಕುಳಿತವರಿಗೆ ಬೇಕಾದದ್ದು ಮೊದಲನೆಯದು, ಅವರ ಕೈಗೆ ಸಿಗುವುದು ಎರಡನೆಯದು.

ಇಂದು ಹೆಚ್ಚಿನ ಪ್ರಯೋಗಾಲಯಗಳಲ್ಲಿ ಇದಕ್ಕಾಗಿ ಯಾರೂ ನಾಲಿಗೆ ಚಾಚುವುದಿಲ್ಲ. ಎಚ್‌ಪಿಎಲ್‌ಸಿ ಎಂಬ ಯಂತ್ರ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಮತ್ತು ಅದರ ಸೋದರ ರಾಸಾಯನಿಕಗಳು ಹತ್ತು ಲಕ್ಷದಲ್ಲಿ ಎಷ್ಟು ಭಾಗ ಇವೆ ಎಂದು ಅಳೆಯುತ್ತದೆ. ಆ ಅಂಕಿಯನ್ನು ಸುಮಾರು 16ರಿಂದ ಗುಣಿಸಿ ಸ್ಕೋವಿಲ್ ಎಂದು ಬರೆಯಲಾಗುತ್ತದೆ. ಶುದ್ಧ ಕ್ಯಾಪ್ಸೈಸಿನ್ನಿಗೆ ಸುಮಾರು 1.6 ಕೋಟಿ ಎಂಬ ಬೆರಗುಗೊಳಿಸುವ ಸಂಖ್ಯೆ ಬಂದಿರುವುದೂ ಈ ಲೆಕ್ಕದಿಂದಲೇ. ಹೆಸರು ನಾಲಿಗೆಯದು, ಲೆಕ್ಕ ಯಂತ್ರದ್ದು. ಯಂತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ ಎಂಬುದನ್ನೂ ಹೇಳಬೇಕು. ಅದರ ಫಲಿತಾಂಶದ ಪಕ್ಕದಲ್ಲಿ ಬರೆಯುವ ಅನಿಶ್ಚಿತತೆಗೆ ಸ್ಪಷ್ಟವಾದ ಅರ್ಥವಿದೆ: ನಿಜವಾದ ಮೌಲ್ಯ ಇಷ್ಟರಿಂದ ಇಷ್ಟರೊಳಗೆ ಇರಬಹುದೆಂದು ನಾವು ಎಷ್ಟು ಭರವಸೆಯಿಂದ ಹೇಳಬಲ್ಲೆವು ಎಂಬುದು. ಅದು ತಪ್ಪೊಪ್ಪಿಗೆಯಲ್ಲ. 1993ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗದರ್ಶಿಯೊಂದು ಈ ಲೆಕ್ಕಕ್ಕೆ ಸಾಮಾನ್ಯ ನಿಯಮಗಳನ್ನು ಕೊಟ್ಟಿದೆ, ಅನಿಶ್ಚಿತತೆಯನ್ನು ಹೇಳದ ಅಳತೆ ಪೂರ್ಣವಲ್ಲ ಎಂದೇ ಈಗಿನ ತಿಳಿವಳಿಕೆ. ನನ್ನ ಅನುಭವದಲ್ಲಂತೂ ದೊಡ್ಡ ಅನಿಶ್ಚಿತತೆ ಯಂತ್ರದೊಳಗೆ ಇರುತ್ತಿರಲಿಲ್ಲ, ಚೀಲದೊಳಗೆ ಇರುತ್ತಿತ್ತು. ಒಂದೇ ಗಿಡದ ಎರಡು ಕಾಯಿಗಳ ಖಾರ ಒಂದೇ ಆಗಿರುವುದಿಲ್ಲ. ಒಂದು ಕಾಯಿಯೊಳಗೂ ಖಾರವೆಲ್ಲ ಹೆಚ್ಚಾಗಿ ಬೀಜಗಳು ಅಂಟಿಕೊಂಡಿರುವ ಬಿಳಿಯ ಭಾಗದಲ್ಲಿರುತ್ತದೆಯೇ ಹೊರತು ನಾವು ತಿಳಿದುಕೊಂಡಿರುವಂತೆ ಬೀಜದಲ್ಲಲ್ಲ. ಹೀಗಿರುವಾಗ ಲಾರಿ ತುಂಬಿದ ಮಾಲಿನಿಂದ ಹಿಡಿಯಷ್ಟು ಎತ್ತಿಕೊಂಡು ಬಂದವನ ಕೈ ಎಲ್ಲಿಗೆ ಹೋಯಿತು ಎಂಬುದೇ ಫಲಿತಾಂಶದ ಅರ್ಧ ಭವಿಷ್ಯವನ್ನು ನಿರ್ಧರಿಸಿಬಿಡುತ್ತದೆ.

ಇಷ್ಟೆಲ್ಲ ತೊಡಕುಗಳಿದ್ದರೂ ಚೀಲದೊಳಗಿನ ಕ್ಯಾಪ್ಸೈಸಿನ್ನಿಗೆ ಒಂದು ನಿಜವಾದ ಮೌಲ್ಯವಿದೆ ಎಂದು ನಂಬಬಹುದು. ಖಾರಕ್ಕೆ ಅಂಥ ಮೌಲ್ಯವಿದೆಯೇ ಎಂಬುದರಲ್ಲಿ ನನಗೆ ಸಂದೇಹವಿದೆ.

ಖಗೋಳ ವಿಜ್ಞಾನದ ಚರಿತ್ರೆಯಲ್ಲಿ ನಡೆದ ಒಂದು ಸಣ್ಣ ಅನ್ಯಾಯವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ 1796ರಲ್ಲಿ ರಾಜ ಖಗೋಳಜ್ಞ ನೆವಿಲ್ ಮ್ಯಾಸ್ಕೆಲೈನ್ ತನ್ನ ಸಹಾಯಕ ಡೇವಿಡ್ ಕಿನ್ನೆಬ್ರೂಕ್‌ನನ್ನು ಕೆಲಸದಿಂದ ತೆಗೆದುಹಾಕಿದ. ದೂರದರ್ಶಕದಲ್ಲಿ ಕಾಣುವ ಎಳೆಯನ್ನು ನಕ್ಷತ್ರವೊಂದು ದಾಟುವ ಕ್ಷಣವನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತ ಗುರುತಿಸಬೇಕಿತ್ತು, ಕಿನ್ನೆಬ್ರೂಕ್ ಬರೆದ ಸಮಯ ಯಜಮಾನನದಕ್ಕಿಂತ ಸುಮಾರು 0.8 ಸೆಕೆಂಡು ತಡವಾಗಿರುತ್ತಿತ್ತು. ಯಜಮಾನನ ಕಣ್ಣೇ ಪ್ರಮಾಣವೆಂದಾದ ಮೇಲೆ ಸಹಾಯಕನದು ದೋಷವಾಗಲೇಬೇಕಲ್ಲವೆ. ಈ ಪ್ರಸಂಗವನ್ನು ಮುಂದೆ ಓದಿದ ಜರ್ಮನಿಯ ಬೆಸೆಲ್, ಒಳ್ಳೆಯ ಹೆಸರು ಪಡೆದ ವೀಕ್ಷಕರ ನಡುವೆಯೂ ಇಂಥ ಅಂತರವಿದೆಯೇ ಎಂದು ಪರೀಕ್ಷಿಸಿದ. ತನಗೂ ಮತ್ತೊಬ್ಬ ನುರಿತ ಖಗೋಳಜ್ಞನಿಗೂ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚಿನ ವ್ಯತ್ಯಾಸವಿರುವುದನ್ನು ಕಂಡ. ಹೀಗೆ ಒಬ್ಬನ ಅಜಾಗರೂಕತೆ ಎಂದು ಬಗೆದದ್ದು ಮನುಷ್ಯರೆಲ್ಲರ ಗುಣವಾಗಿತ್ತು, ಅದನ್ನೇ ಅಳೆಯಬೇಕಾದ ವಿಷಯವನ್ನಾಗಿ ಮಾಡಿಕೊಂಡು ಒಂದು ಹೊಸ ಶಾಸ್ತ್ರ ಬೆಳೆಯಿತು. ಕಿನ್ನೆಬ್ರೂಕ್‌ನ ಕೆಲಸ ಮಾತ್ರ ಹೋದದ್ದು ಹೋಯಿತು.

ನಮ್ಮಲ್ಲಿಯೂ ಒಬ್ಬ ಕಿನ್ನೆಬ್ರೂಕ್ ಇದ್ದರು. ಹೋಲಿಕೆಗೆಂದು ಆಗೊಮ್ಮೆ ಈಗೊಮ್ಮೆ ಹಳೆಯ ವಿಧಾನದಲ್ಲಿ ಐವರಿಂದ ರುಚಿ ನೋಡಿಸುತ್ತಿದ್ದೆವು. ಅವರಲ್ಲಿ ಒಬ್ಬ ಸಹೋದ್ಯೋಗಿ, ಉಳಿದ ನಾಲ್ವರೂ "ಇನ್ನು ಏನೂ ಇಲ್ಲ" ಎಂದು ಲೋಟ ಕೆಳಗಿಟ್ಟ ಮೇಲೆಯೂ ಮತ್ತೆರಡು ಹಂತದವರೆಗೆ ಚುರುಗುಟ್ಟುತ್ತಿದೆ ಎನ್ನುತ್ತಿದ್ದರು. ಅವರ ಅಂಕಿಯನ್ನು ಹೊರಗಿಟ್ಟು ಸರಾಸರಿ ತೆಗೆಯುವುದು ರೂಢಿಯಾಗಿತ್ತು, ಅದರ ಮೇಲೆ ನಾನೂ ಸಹಿ ಹಾಕಿದ್ದೇನೆ. ಅವರ ಮನೆಯಲ್ಲಿ ಅಡುಗೆಗೆ ಖಾರ ಹಾಕುವುದೇ ಕಡಿಮೆ ಎಂಬುದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು. ಕ್ಯಾಪ್ಸೈಸಿನ್ನಿಗೆ ಒಂದು ವಿಚಿತ್ರ ಸ್ವಭಾವವಿದೆ: ದಿನವೂ ತಿನ್ನುವವರ ನಾಲಿಗೆಯನ್ನು ಅದು ತನಗೇ ಮೊಂಡಾಗಿಸುತ್ತದೆ, ಬಿಡುವಿಲ್ಲದೆ ಒಂದರ ಮೇಲೊಂದು ತುತ್ತು ತಿಂದರೆ ಮಾತ್ರ ಉರಿ ಏರುತ್ತ ಹೋಗುತ್ತದೆ. ಆದ್ದರಿಂದ ಆ ಸಹೋದ್ಯೋಗಿಯ ನಾಲಿಗೆ ಕೆಟ್ಟ ಉಪಕರಣವಾಗಿರಲಿಲ್ಲ. ಪ್ರಶ್ನೆ ಖಾರದ ಅರಿವಿನದಾಗಿದ್ದರೆ ಐವರ ನಡುವಿನ ಅಂತರವೇ ಉತ್ತರದ ಮುಖ್ಯ ಭಾಗವಾಗಿತ್ತು. ಅದನ್ನು ನಾವು ಕಸವೆಂದು ಗುಡಿಸಿ ಹಾಕಿದ್ದೆವು.

ಮನುಷ್ಯನ ಅರಿವನ್ನು ಅಳೆಯುವ ವಿಷಯದಲ್ಲಿ ನನ್ನ ತಕರಾರು ಇಷ್ಟೇ. ಹೆಚ್ಚು ಜನರನ್ನು ಕೇಳಿದಷ್ಟೂ ಸರಾಸರಿಯ ಅನಿಶ್ಚಿತತೆ ಕಿರಿದಾಗುತ್ತದೆ, ಜನರ ನಡುವಿನ ವ್ಯತ್ಯಾಸ ಮಾತ್ರ ಕಿರಿದಾಗುವುದಿಲ್ಲ. ಮೊದಲನೆಯದನ್ನು ಸಣ್ಣದಾಗಿ ತೋರಿಸಿ ಎರಡನೆಯದೂ ಸಣ್ಣದೆಂಬ ಭಾವನೆ ಹುಟ್ಟಿಸುವುದು ಅಂಕಿ ಅಂಶಗಳ ಲೋಕದ ಹಳೆಯ ಕೈಚಳಕ. ಸರಾಸರಿ ಎಂದೂ ಬೇಡವೆಂದು ನಾನು ಹೇಳುವುದಿಲ್ಲ. ಬೆಳಕಿನ ಮಾನವಾದ ಕ್ಯಾಂಡೆಲಾದ ಹಿಂದೆ 1924ರಲ್ಲಿ ಒಪ್ಪಿಕೊಂಡ ಒಂದು ಸರಾಸರಿ ಕಣ್ಣಿನ ನಕ್ಷೆ ಇದೆ. ಹಸಿರು ಬೆಳಕಿಗೆ ಹೆಚ್ಚು, ಕೆಂಪು ನೀಲಿಗಳಿಗೆ ಕಡಿಮೆ ಸ್ಪಂದಿಸುವ ಆ ಕಣ್ಣು ಯಾರ ಮುಖದಲ್ಲೂ ಇಲ್ಲ, ಆದರೂ ಬೀದಿದೀಪ ಕೊಳ್ಳಲು ಅದು ಸಾಕು. ಕಣ್ಣಿನ ವಿಷಯದಲ್ಲಿ ನಡೆದ ಈ ಒಪ್ಪಂದ ನಾಲಿಗೆಯ ವಿಷಯದಲ್ಲೂ ಸಲೀಸಾಗಿ ನಡೆಯುತ್ತದೆ ಎಂದು ಊಹಿಸುವುದನ್ನು ಮಾತ್ರ ನಾನು ಒಪ್ಪಲಾರೆ.

ಸಂಖ್ಯೆಯ ರೂಪವೂ ಮೋಸ ಮಾಡುತ್ತದೆ. 50,000 ಎಂಬುದು 25,000ದ ಎರಡು ಪಟ್ಟು ಎಂಬುದು ಕ್ಯಾಪ್ಸೈಸಿನ್ನಿನ ಪ್ರಮಾಣಕ್ಕೆ ಸತ್ಯ, ಬಾಯಿಯ ಉರಿಗೆ ಹಾಗೆನ್ನಲು ಆಧಾರವಿಲ್ಲ. ಸಪ್ಪೆ ಸಾರಿಗೆ ಬಿದ್ದ ಮೊದಲ ಚಮಚ ಪುಡಿ ಮಾಡುವ ವ್ಯತ್ಯಾಸವನ್ನು ಐದನೆಯ ಚಮಚ ಮಾಡುವುದಿಲ್ಲವೆಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಜರ್ಮನಿಯ ವಿಜ್ಞಾನಿ ಫೆಕ್ನರ್ 1860ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟಾಗಿನಿಂದ, ಸಂವೇದನೆಯನ್ನು ನಿಜಕ್ಕೂ ಅಳೆಯಬಹುದೇ ಎಂಬ ಜಗಳ ನಿಂತಿಲ್ಲ. ಇದನ್ನು ಇತ್ಯರ್ಥ ಮಾಡಲೆಂದು ಬ್ರಿಟನ್ನಿನಲ್ಲಿ 1932ರಲ್ಲಿ ಭೌತವಿಜ್ಞಾನಿಗಳೂ ಮನೋವಿಜ್ಞಾನಿಗಳೂ ಸೇರಿದ ಸಮಿತಿಯೊಂದು ಕುಳಿತು, 1940ರಲ್ಲಿ ಒಮ್ಮತವಿಲ್ಲದೆಯೇ ಎದ್ದಿತು. ಆ ಸಮಿತಿಯ ಬಗ್ಗೆ ನನಗೆ ಗೌರವವಿದೆ. ಒಪ್ಪದಿದ್ದನ್ನು ಒಪ್ಪಿದೆವು ಎಂದು ಅವರು ಬರೆಯಲಿಲ್ಲ.

ಇನ್ನು ನಮ್ಮ ಭಾಷೆಯ ಮಾತು. ಇಂಗ್ಲಿಷಿನಲ್ಲಿ ಬಿಸಿಗೂ ಖಾರಕ್ಕೂ ಒಂದೇ ಪದ, ಕನ್ನಡದಲ್ಲಿ ಬೇರೆ ಬೇರೆ. 1997ರಲ್ಲಿ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ ಗುರುತಿಸಿದ, ನರಗಳಲ್ಲಿ ಉರಿಯನ್ನು ಗ್ರಹಿಸುವ ರಿಸೆಪ್ಟರಿನ ಮಟ್ಟಿಗೆ ಇಂಗ್ಲಿಷೇ ಗೆದ್ದಿತು ಎನ್ನಬೇಕು, ಏಕೆಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖಕ್ಕೂ ಕ್ಯಾಪ್ಸೈಸಿನ್ನಿಗೂ ತೆರೆದುಕೊಳ್ಳುವುದು ಅದೇ ಬಾಗಿಲು. ಈ ಶೋಧಕ್ಕೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಂದಿತು. ಕುದಿಯುವ ಸಾರು ಆರಿದ ಸಾರಿಗಿಂತ ಹೆಚ್ಚು ಖಾರವೆನಿಸುವುದೂ ಇದರಿಂದಲೇ, ಯಂತ್ರಕ್ಕೆ ಎರಡೂ ಒಂದೇ. ಆದರೆ ಒಗ್ಗರಣೆಯಿಂದ ಏಳುವ ಘಾಟು, ತುಟಿಯ ಚುರುಚುರು, ಗಂಟಲಿನಲ್ಲಿ ನಿಲ್ಲುವ ಉರಿ, ತಡವಾಗಿ ಬಂದು ಬಹಳ ಹೊತ್ತು ಉಳಿಯುವ ಖಾರ ಇವೆಲ್ಲಕ್ಕೆ ಬೇರೆ ಬೇರೆ ಮಾತು ಇಟ್ಟುಕೊಂಡವರಿಗೆ ಒಂದೇ ಅಂಕಿ ಹೇಗೆ ಸಾಲುತ್ತದೆ?

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಈ ಗೊಂದಲ ಅಷ್ಟಾಗಿ ಕಾಡದಿರುವುದಕ್ಕೆ ಕಾರಣವಿದೆ: 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಕಾಯಿಗೆ ಬೆಲೆ ಬರುವುದು ಮುಖ್ಯವಾಗಿ ಬಣ್ಣಕ್ಕೆ. ಬಣ್ಣಕ್ಕೂ ಆಸ್ಟಾ ಎಂಬ ಮಾನವಿದೆ. ಅಸಿಟೋನಿನಲ್ಲಿ ಇಳಿಸಿದ ಬಣ್ಣ 460 ನ್ಯಾನೋಮೀಟರಿನ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅದು ನೋಡುತ್ತದೆ. ಡಬ್ಬಿ ಎಂಬ ಬಗೆಯ ಕಾಯಿಯ ನೆರಿಗೆ, ಹೊಳಪು ನೋಡಿ ದರ ಬರೆಯುವ ಖರೀದಿದಾರನ ಕಣ್ಣು ನೋಡುವುದು ಹೊರಗಿನ ಬಣ್ಣವನ್ನು, ಯಂತ್ರ ಅಳೆಯುವುದು ಒಳಗಿಂದ ಹೊರತೆಗೆಯಬಹುದಾದ ಬಣ್ಣವನ್ನು. ಎರಡೂ ಬೇರೆಯೆಂದು ವ್ಯಾಪಾರಿಗಳು ಬಲ್ಲರು, ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದಿಲ್ಲ.

ಖಾರದ ಪುಡಿಯ ಪೊಟ್ಟಣದ ಮೇಲೂ ಅಷ್ಟೇ ನೇರವಾಗಿ ಬರೆಯಬಹುದು. ಯಂತ್ರ ಅಳೆದದ್ದು ಕ್ಯಾಪ್ಸೈಸಿನ್ನಾದರೆ ಹತ್ತು ಲಕ್ಷದಲ್ಲಿ ಇಷ್ಟು ಭಾಗವೆಂದು, ಅನಿಶ್ಚಿತತೆಯೊಂದಿಗೆ ನಮೂದಿಸಲಿ, 16ರಿಂದ ಗುಣಿಸಿ ನಾಲಿಗೆಯ ಹೆಸರಿಡುವುದು ಬೇಡ. ತಿಂದವರ ಅನುಭವವನ್ನೂ ಹೇಳಬೇಕೆಂದಿದ್ದರೆ, ಎಷ್ಟು ಮಂದಿಗೆ ಯಾವ ಪಲ್ಯದಲ್ಲಿ ಎಷ್ಟು ಪುಡಿ ಹಾಕಿ ಬಡಿಸಿದೆವು, ಅವರಲ್ಲಿ ಎಷ್ಟು ಮಂದಿ ಸಾಲದು ಎಂದರು, ಎಷ್ಟು ಮಂದಿ ಮಜ್ಜಿಗೆ ಕೇಳಿದರು ಎಂಬುದನ್ನು ಸರಾಸರಿ ಮಾಡದೆ ಹಾಗೆಯೇ ಅಚ್ಚು ಹಾಕಲಿ. ಮೂರು ಮೆಣಸಿನಕಾಯಿಯ ಚಿತ್ರಕ್ಕೆ ಬೇಕಾದಷ್ಟೇ ಜಾಗ ಇದಕ್ಕೂ ಸಾಕು.