ಗೇಟ್ ಹಾಕೈತಪ್ಪ!

ನಮ್ಮ ಯುವಕರ ನಾಟಕ ತಂಡಕ್ಕೆ ಇಪ್ಪತ್ತೈದು ತುಂಬಿತು. ಯುವಕರು ಅನ್ನೋದು ಈಗ ಬೋರ್ಡಿನಲ್ಲಿ ಮಾತ್ರ, ಅರ್ಧ ಜನ ಬಿಪಿ ಮಾತ್ರೆ ನುಂಗುತ್ತಾರೆ. ಸ್ಮರಣ ಸಂಚಿಕೆಗೆ ತಂಡದ ಇತಿಹಾಸ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಹಳೇ ಫೋಟೊ ಇರುವುದು ಗೇಟಪ್ಪನ ಹತ್ತಿರ. ನಿನ್ನೆ ಆರಕ್ಕೆ ಬರ್ತೀನಿ ಅಂದಿದ್ದ. ಏಳಕ್ಕೆ ನಾನೇ ಫೋನ್ ಮಾಡಿದೆ.

"ಗೇಟ್ ಹಾಕೈತಪ್ಪ, ಐದೇ ನಿಮಿಷ."

ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ನಾವೆಲ್ಲ ಆಯಸ್ಸು ಕಳೆದವರೇ. ಆದರೆ ಇವನ ಮನೆ ವಿದ್ಯಾನಗರ, ತಾಲೀಮು ನಡೆಯುತ್ತಿದ್ದುದು ಪಿ.ಜೆ. ಬಡಾವಣೆಯಲ್ಲಿ. ನಡುವೆ ಹಳಿಯೇ ಇಲ್ಲ! ಇಪ್ಪತ್ತೈದು ವರ್ಷದಿಂದ ಇಲ್ಲದ ರೈಲಿಗೆ ಕಾಯುತ್ತಿದ್ದಾನೆ ಪುಣ್ಯಾತ್ಮ.

ಇತಿಹಾಸಕ್ಕೆ ಆಧಾರ ಅಂತ ಸಿಕ್ಕಿದ್ದು ಒಂದು ಲೆಕ್ಕದ ಪುಸ್ತಕ. ಮೊದಲ ಪುಟದಲ್ಲಿ ಪರದೆ ಬಾಡಿಗೆ. ಆಮೇಲೆ ಬರೀ ಮಿರ್ಚಿ, ಮಂಡಕ್ಕಿ, ಮಿರ್ಚಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ತಂಡ ಹುಟ್ಟಿತು, ಇಷ್ಟಕ್ಕೆ ಮಾತ್ರ ಎಲ್ಲರೂ ಒಪ್ಪುತ್ತಾರೆ. ಕಟ್ಟಿದ್ದು ಯಾರು ಅಂತ ಕೇಳಿದರೆ ಏಳು ಜನ ಕೈ ಎತ್ತುತ್ತಾರೆ. ಪರದೆಯವನ ಬಾಕಿ ತೀರಿಸಿದ್ದು ಯಾರು? ಒಬ್ಬರದೂ ಸದ್ದಿಲ್ಲ.

ನಮ್ಮ ಮೊದಲ ನಾಟಕದಲ್ಲಿ ಗೇಟಪ್ಪ ದೂತ. ಇದ್ದದ್ದು ಒಂದೇ ಮಾತು: "ಪ್ರಭು, ಯುವರಾಜರು ರಣರಂಗದಲ್ಲಿ ಮಡಿದರು!" ಆ ಯುವರಾಜ ನಾನೇ. ಪರದೆಯ ಹಿಂದೆ ಚಟ್ಟದ ಮೇಲೆ ಮಲಗಿ ನನ್ನ ಸಾವಿನ ಸುದ್ದಿಗೆ ಕಾಯುತ್ತಿದ್ದೆ. ದೂತ ಪತ್ತೆಯಿಲ್ಲ. ರಾಜ ಮಂತ್ರಿಯನ್ನು ಕೇಳಿದ, "ರಾಜ್ಯದಲ್ಲಿ ಮಳೆ ಹೇಗಿದೆ?" ಮಾತೇ ಇಲ್ಲದ ಪಾರ್ಟಿನ ಮಂತ್ರಿ ಬೆವೆತು, "ಪರವಾಗಿಲ್ಲ" ಅಂದ. ಕೆರೆ ಕೇಳಿದ, ದನಕರು ಕೇಳಿದ, ಮತ್ತೆ ಮಳೆಗೇ ಬಂದ. ಅಷ್ಟರಲ್ಲಿ ದೂತ ಏದುಸಿರು ಬಿಡುತ್ತಾ ನುಗ್ಗಿದ. ರಾಜ ಜೀವ ಬಂದವನಂತೆ ಗುಡುಗಿದ, "ಏಕಿಷ್ಟು ತಡ?"

"ಗೇಟ್ ಹಾಕಿತ್ತು, ಪ್ರಭು!"

ಸಿಳ್ಳೆಯೋ ಸಿಳ್ಳೆ. ಆ ಗಲಾಟೆಯಲ್ಲೇ ನನ್ನನ್ನು ಹೊತ್ತು ತಂದರು. ನಾನು ಸತ್ತದ್ದು ಜನಕ್ಕೇ ಗೊತ್ತಿಲ್ಲ. ನಗು ತಡೆದೂ ತಡೆದೂ ಹೆಣದ ಹೊಟ್ಟೆ ಕುಣಿಯತೊಡಗಿತು. ಎರಡು ತಿಂಗಳು ಸಾಯೋದನ್ನು ಪ್ರಾಕ್ಟೀಸ್ ಮಾಡಿದ್ದೆ ಸ್ವಾಮಿ! ಮರುದಿನ ಬೆಣ್ಣೆದೋಸೆ ಹೋಟೆಲಿನಲ್ಲಿ ಎಲ್ಲರೂ ಹೊಗಳಿದ್ದು ದೂತನನ್ನು.

ಇದು ವೃತ್ತಿ ರಂಗಭೂಮಿಯ ಹೆಸರಾಂತ ನಟಿ ಚಿಂದೋಡಿ ಲೀಲಾ ಅವರ ಊರು. ಅವರ ಕಂಪನಿಯವರಿಗೆ ನಾಟಕವೇ ಅನ್ನ. ಗಂಟೆ ಹೊಡೆದರೆ ಪರದೆ ಏಳಲೇಬೇಕು. ನಮಗೋ ಅದು ಆಫೀಸು, ಅಂಗಡಿ ಮುಗಿಸಿ ಬಂದ ಮೇಲಿನ ಚಟ. ಆದರೂ ಪರದೆ ಏಳುವ ಮುಂಚೆ ಅಂಗೈ ತಣ್ಣಗಾಗುತ್ತಿತ್ತಲ್ಲ, ಅದು ನಮ್ಮದೂ ಸುಳ್ಳಲ್ಲ.

ಗೇಟಪ್ಪ ಎಂಟಕ್ಕೆ ಬಂದ. ಒಂದು ಕೈಯಲ್ಲಿ ಮಿರ್ಚಿ ಪೊಟ್ಟಣ, ಇನ್ನೊಂದರಲ್ಲಿ ಒಂದೇ ಒಂದು ಫೋಟೊ. ಚಟ್ಟದ ಮೇಲೆ ನಾನು, ಹಲ್ಲು ಕಾಣುತ್ತಿದೆ. ಹಾರ್ಮೋನಿಯಂ ಮೇಷ್ಟ್ರು ಈಗಿಲ್ಲ. ರಾಜ ಬೆಂಗಳೂರು ಸೇರಿ ವರ್ಷಗಳಾದವು. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ನೋಡಿದೆವು. ವಾಪಸ್ ಕೊಡುವಾಗ ನೋಡಿದರೆ ರಾಜನ ಮುಖದ ಮೇಲೆ ಎಣ್ಣೆಯ ಹೆಬ್ಬೆಟ್ಟು.

ಒರೆಸಿದೆ, ಹೋಗಲಿಲ್ಲ. ಹಾಗೇ ಅಚ್ಚಿಗೆ ಕೊಟ್ಟಿದ್ದೇನೆ.