ಜಾರಬೇಕಾದ್ದು ಜಾರಲ್ಲ

ಮನೆಯಲ್ಲಿ ಜಾರಬೇಕಾದ ವಸ್ತು ಯಾವತ್ತೂ ಸರಿಯಾಗಿ ಜಾರುವುದಿಲ್ಲ. ಮಳೆಗಾಲ ಶುರುವಾದರೆ ಬಾಗಿಲು ಉಬ್ಬಿಕೊಂಡು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಚಿಲಕ ಅರ್ಧಕ್ಕೇ ನಿಲ್ಲುತ್ತದೆ. ಮೇಜಿನ ಡ್ರಾಯರ್ ಎಳೆದರೆ ಎಡಗಡೆ ಹೊರಗೆ ಬರುತ್ತದೆ, ಬಲಗಡೆ ಒಳಗೇ ಉಳಿಯುತ್ತದೆ. ಪ್ಯಾಂಟಿನ ಜಿಪ್ಪು ಆಫೀಸಿಗೆ ಹೊರಟ ಹೊತ್ತಿಗೇ ಮುನಿಸಿಕೊಳ್ಳುತ್ತದೆ. ಆದರೆ ಸ್ನಾನ ಮುಗಿಸಿ ಒದ್ದೆ ಕಾಲಲ್ಲಿ ಹಾಲಿಗೆ ಒಂದು ಹೆಜ್ಜೆ ಇಟ್ಟು ನೋಡಿ. ಜಾರಬಾರದ ನಾವು ಮಾತ್ರ ಬಹಳ ಚೆನ್ನಾಗಿ ಜಾರುತ್ತೇವೆ.

ಇದಕ್ಕೆಲ್ಲ ಘರ್ಷಣೆ ಕಾರಣ ಎಂದು ಹೈಸ್ಕೂಲಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಅನುಕೂಲಗಳು, ಅನಾನುಕೂಲಗಳು ಎಂದು ಎರಡು ಕಾಲಂ ಬರೆದು ಮಾರ್ಕ್ಸ್ ಕೂಡ ತೆಗೆದುಕೊಂಡಿದ್ದೇವೆ. ಆ ಎರಡು ಕಾಲಂ ನನಗೆ ಈಗ ಅಷ್ಟಾಗಿ ಒಪ್ಪಿಗೆಯಿಲ್ಲ. ನಮ್ಮ ತಕರಾರು ಘರ್ಷಣೆಯ ಮೇಲಲ್ಲ. ಅದು ಬೇಕಾದ ಕಡೆ ಇರುವುದಿಲ್ಲ, ಬೇಡದ ಕಡೆ ಬಂದು ಕೂರುತ್ತದೆ. ಜಗಳ ಅಷ್ಟೇ.

ಬೆಂಗಳೂರಿನ ಬಾಡಿಗೆ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯುತ್ತದೆ, ಓನರ್ ಬಾಡಿಗೆ ಏರಿಸುತ್ತಾರೆ, ಮನೆ ಖಾಲಿ ಮಾಡುವ ದಿನ ಬರುತ್ತದೆ. ಪಾತ್ರೆ, ಹಾಸಿಗೆ, ಫ್ರಿಜ್ಜು ಎಲ್ಲ ಗೂಡ್ಸ್ ಆಟೋ ಹತ್ತಿದ ಮೇಲೂ ಒಂದು ಮಾತ್ರ ರೂಮಿನ ಮೂಲೆಯಲ್ಲಿ ನಿಂತೇ ಇರುತ್ತದೆ. ಬೀರು. ಸೀರೆ, ಮಾರ್ಕ್ಸ್ ಕಾರ್ಡು, ಹಳೇ ಆಲ್ಬಂ ಎಲ್ಲ ತೆಗೆದರೂ ಅದರ ತೂಕ ಇಳಿದಂತೆ ಕಾಣುವುದಿಲ್ಲ.

ಸಾಮಾನು ಸಾಗಿಸುವ ಹುಡುಗರು ಅದನ್ನು ಸೀದಾ ಎಳೆಯಲು ಹೋಗುವುದಿಲ್ಲ. ಒಬ್ಬ ಹೆಗಲು ಕೊಟ್ಟು ಒಂದು ಪಕ್ಕ ತುಸು ಎತ್ತುತ್ತಾನೆ. ಇನ್ನೊಬ್ಬ ಮಡಿಸಿದ ಗೋಣಿಚೀಲವನ್ನು ಕಾಲಿನಡಿ ತೂರಿಸುತ್ತಾನೆ. ಆಮೇಲೆ ಇನ್ನೊಂದು ಪಕ್ಕ. ಆಮೇಲೆ ಇಬ್ಬರೂ ಉಸಿರು ಕಟ್ಟಿ ಒಂದು ತಳ್ಳು. ಮೊದಲು ಏನೂ ಆಗುವುದಿಲ್ಲ. ಮತ್ತೊಂದು ತಳ್ಳು. ಬೀರು ಕಿರ್ರೆಂದು ಅರ್ಧ ಗೇಣು ಸರಿಯುತ್ತದೆ. "ನಿಲ್ಲಿಸ್ಬೇಡ ಮಗಾ, ಹಂಗೇ ಬರ್ಲಿ, ಹಂಗೇ ಬರ್ಲಿ!" ಎಂದು ಮುಂದಿನವನು ಕೂಗುತ್ತಾನೆ. ಅವನ ಮಾತಿನಲ್ಲಿ ಒಂದು ಪಾಠವೇ ಇದೆ. ನಿಂತ ವಸ್ತುವನ್ನು ಹೊರಡಿಸಲು ಬೇಕಾದ ಬಲ, ಹೊರಟದ್ದನ್ನು ನಡೆಸಿಕೊಂಡು ಹೋಗಲು ಬೇಕಾದ್ದಕ್ಕಿಂತ ಜಾಸ್ತಿ. ಬಾಗಿಲ ಹತ್ತಿರ ಸುಸ್ತಾಗಿ ನಿಲ್ಲಿಸಿದರೆ ಮತ್ತೆ ಮೊದಲಿಂದ ಉಸಿರು ಕಟ್ಟಬೇಕು.

ಫ್ರಾನ್ಸಿನ ಕೂಲಂಬ್ ಇದನ್ನು ಕೂತು ಅಳೆದವನು. ವಿದ್ಯುತ್ತಿನ ಪಾಠದಲ್ಲಿ ಬರುತ್ತಾನಲ್ಲ, ಅದೇ ಕೂಲಂಬ್. ಘರ್ಷಣೆಯ ಮೇಲೆ ಮಾಡಿದ ಕೆಲಸಕ್ಕೆ 1781ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಅವನಿಗೆ ಬಹುಮಾನ ಕೊಟ್ಟಿತು. ಮರದ ಮೇಲೆ ಮರ ಇಟ್ಟು ನೋಡಿದಾಗ ಅವನಿಗೆ ಇನ್ನೊಂದು ಸಂಗತಿ ಕಂಡಿತ್ತು. ವಸ್ತು ಹೆಚ್ಚು ಹೊತ್ತು ಒಂದೇ ಕಡೆ ಕೂತಿದ್ದರೆ ಅದನ್ನು ಎಬ್ಬಿಸುವುದು ಇನ್ನಷ್ಟು ಕಷ್ಟ. ಅವನು ನೋಡಿದ್ದು ಮರದ ತುಂಡುಗಳನ್ನು. ವರ್ಷಗಟ್ಟಲೆ ಒಂದೇ ಏರಿಯಾದಲ್ಲಿ, ಒಂದೇ ಹಾಲಿನವನು, ಒಂದೇ ತರಕಾರಿ ಗಾಡಿ ಅಂತ ಬೇರು ಬಿಟ್ಟ ಬಾಡಿಗೆದಾರರನ್ನು ನೋಡಿದ್ದರೆ ಇನ್ನೊಂದು ಬಹುಮಾನ ಸಿಗುತ್ತಿತ್ತು.

ಮನೆ ಬದಲಾಯಿಸುವಾಗ ಸಲಹೆ ಕೊಡಲು ಒಬ್ಬರು ಇದ್ದೇ ಇರುತ್ತಾರೆ. ಕೆಳಗಿನ ಮನೆ ಅಂಕಲ್ಲೋ, ಭಾವನೋ. "ಹಂಗೆ ನಿಲ್ಲಿಸಿ ತಳ್ಳಬೇಡ್ರೋ, ಮಲಗಿಸಿ ತಳ್ಳಿ, ಭಾರ ಹರಡಿಕೊಳ್ಳುತ್ತೆ, ಬೇಗ ಜಾರುತ್ತೆ" ಎನ್ನುತ್ತಾರೆ. ಕೇಳಲು ಸರಿಯಾಗೇ ಇದೆ. ಆದರೆ 1699ರಲ್ಲೇ ಅಮೊಂಟೊ ಎಂಬ ಇನ್ನೊಬ್ಬ ಫ್ರೆಂಚ್ ಮನುಷ್ಯ ಇದಕ್ಕೆ ಉತ್ತರ ಕೊಟ್ಟುಬಿಟ್ಟಿದ್ದಾನೆ. ಭಾರ ಎರಡು ಪಟ್ಟಾದರೆ ಘರ್ಷಣೆಯೂ ಎರಡು ಪಟ್ಟು. ತಳ ಅಗಲ ಇದೆಯೋ ಕಿರಿದಾಗಿದೆಯೋ ಎನ್ನುವುದು ಲೆಕ್ಕಕ್ಕಿಲ್ಲ. ಅಕಾಡೆಮಿಯ ದೊಡ್ಡವರಿಗೂ ಇದು ಸುಲಭಕ್ಕೆ ನಂಬಿಕೆಯಾಗಲಿಲ್ಲವಂತೆ. ಅವನಿಗಿಂತ ಸುಮಾರು ಇನ್ನೂರು ವರ್ಷ ಮೊದಲೇ ಲಿಯೊನಾರ್ಡೊ ಡ ವಿಂಚಿ ಇದನ್ನೇ ಕಂಡುಕೊಂಡು, ನೋಟ್‌ಬುಕ್ಕಿನಲ್ಲಿ ಬರೆದು, ಯಾರಿಗೂ ತೋರಿಸದೆ ಸುಮ್ಮನಾಗಿದ್ದ.

ಅಗಲ ಯಾಕೆ ಲೆಕ್ಕಕ್ಕಿಲ್ಲ ಅಂದರೆ, ಎರಡು ವಸ್ತು ನಿಜವಾಗಿ ಮುಟ್ಟಿಕೊಳ್ಳುವುದೇ ಬಹಳ ಕಡಿಮೆ. ನಮ್ಮ ಕೈಗೆ ನುಣ್ಣಗಿರುವ ಕಬ್ಬಿಣವೂ ಸೂಕ್ಷ್ಮದರ್ಶಕದ ಕೆಳಗೆ ಗುಡ್ಡಗಾಡು. 20ನೇ ಶತಮಾನದಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದ ಬೌಡನ್, ಇದು ಸ್ವಿಟ್ಜರ್ಲೆಂಡನ್ನು ಬೋರಲು ಹಾಕಿ ಆಸ್ಟ್ರಿಯಾದ ಮೇಲೆ ಕೂರಿಸಿದ ಹಾಗೆ ಎಂದಿದ್ದರು. ನಮ್ಮ ಕಡೆಗೆ ಹೇಳುವುದಾದರೆ ಶಿವಗಂಗೆಯನ್ನು ಬೋರಲು ಮಾಡಿ ಸಾವನದುರ್ಗದ ಮೇಲಿಟ್ಟ ಹಾಗೆ. ತುದಿಗೆ ತುದಿ ತಾಗುವ ಕೆಲವೇ ಜಾಗಗಳಲ್ಲಿ ಪೂರ್ತಿ ಭಾರ ಕೂರುತ್ತದೆ. ಭಾರ ಜಾಸ್ತಿಯಾದರೆ ಆ ತುದಿಗಳು ಇನ್ನಷ್ಟು ಅಪ್ಪಚ್ಚಿಯಾಗಿ ಹೆಚ್ಚು ಅಂಟಿಕೊಳ್ಳುತ್ತವೆ. ಬೀರುವನ್ನು ಮಲಗಿಸಿದರೂ ನಿಲ್ಲಿಸಿದರೂ ಭಾರ ಅಷ್ಟೇ, ಹಾಗಾಗಿ ಅಂಟೂ ಹೆಚ್ಚುಕಡಿಮೆ ಅಷ್ಟೇ. ಅಂಕಲ್ ಹತ್ತಿರ ಇದನ್ನೆಲ್ಲ ಹೇಳಲು ಹೋಗಬೇಡಿ. ಬೀರು ಹೋದ ಮೇಲೂ ಅವರು ಹೋಗುವುದಿಲ್ಲ.

ಅಂದರೆ ಗುಡ್ಡಕ್ಕೆ ಗುಡ್ಡ ತಾಗದಂತೆ ನಡುವೆ ಏನಾದರೂ ತುಂಬಿದರೆ ಜಾರುತ್ತದೆ. ಎಣ್ಣೆ ಮಾಡುವ ಕೆಲಸ ಅದೇ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ, ಹಲಸಿನ ಹಣ್ಣು ಬಿಡಿಸುವ ಕೈಗೆ ಕೊಬ್ಬರಿ ಎಣ್ಣೆ, ಡ್ರಾಯರಿಗೆ ಮೇಣದಬತ್ತಿಯ ತುಂಡು. ಆದರೆ ಈ ವಿಷಯದಲ್ಲಿ ನನ್ನ ಮೆಚ್ಚಿನ ವಸ್ತು ಕೇರಂ ಪೌಡರ್.

ಗಲ್ಲಿಯ ಅಂಗಡಿ ಪಕ್ಕದಲ್ಲಿ, ತಲೆ ಮೇಲೆ ಒಂದು ಬಲ್ಬು ನೇತುಬಿಟ್ಟುಕೊಂಡು ಆಡುವ ಕೇರಂ ನೋಡಿ. ಬೋರ್ಡಿನ ಮೇಲೆ ಒಂದು ಚಿಟಿಕೆ ಪೌಡರ್ ಉದುರಿಸಿ, ಅಂಗೈಯಲ್ಲಿ ಸುತ್ತ ಹರಡಿ, ಜಾಸ್ತಿಯಾದದ್ದನ್ನು ಉಫ್ ಎಂದು ಊದುತ್ತಾರೆ. ಆಮೇಲೆ ಸ್ಟ್ರೈಕರನ್ನು ಹೊಡೆಯದೆ ಸುಮ್ನೆ ಬೆರಳಲ್ಲಿ ತಳ್ಳಿ ನೋಡುತ್ತಾರೆ. ಅದು ಆಚೆ ದಂಡೆಗೆ ಬಡಿದು, ತಿರುಗಿ ಬಂದು, ಈಚೆ ದಂಡೆಗೂ ಬಡಿದು ಮತ್ತೆ ಹೊರಟರೆ "ಬೋರ್ಡು ಫಾಸ್ಟ್ ಇದೆ" ಎಂದು ಅರ್ಥ. ಮಳೆ ಬಂದು ತೇವ ಹಿಡಿದ ದಿನ ಅದೇ ಬೋರ್ಡು, ಅದೇ ಕೈ, ಆದರೆ ಕಾಯಿ ಪಾಕೆಟ್ಟಿನ ಬಾಯಲ್ಲಿ ನಿಂತು ಹಲ್ಲು ಕಿರಿಯುತ್ತದೆ.

ಆ ಪೌಡರ್ ಸಾಮಾನ್ಯವಾಗಿ ಬೋರಿಕ್ ಆಸಿಡ್. ಅದರ ಹರಳಿನಲ್ಲಿ ಅಣುಗಳು ಪದರ ಪದರವಾಗಿ ಕೂತಿರುತ್ತವೆ. ಪದರದ ಒಳಗೆ ಹಿಡಿತ ಗಟ್ಟಿ, ಪದರ ಪದರದ ನಡುವೆ ಸಡಿಲ. ಮೇಲಿನದು ಕೆಳಗಿನದರ ಮೇಲೆ ಸಲೀಸಾಗಿ ಜಾರುತ್ತದೆ. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಕೂಡ ಇದೇ ಜಾತಿ. ಮುನಿಸಿಕೊಂಡ ಜಿಪ್ಪಿಗೆ ಪೆನ್ಸಿಲ್ ಉಜ್ಜಿದರೆ ಸರಿಹೋಗುವುದು ಅದಕ್ಕೇ. ಅಂದಹಾಗೆ, ಕೇರಂ ಕಾಯಿ ಓಡಿಸುವ ಇದೇ ಬೋರಿಕ್ ಆಸಿಡ್ಡನ್ನು ಅಡುಗೆಮನೆಯ ಮೂಲೆಗೆ ಉದುರಿಸಿದರೆ ಜಿರಳೆ ಸಾಯುತ್ತದೆ. ಆಟ ಮುಗಿಸಿ ಕೈ ತೊಳೆದೇ ಬೋಂಡ ತಿನ್ನಿ.

ನುಣುಪು ಜಾಸ್ತಿಯಾದಷ್ಟೂ ಜಾರುತ್ತದೆ ಎಂದೇನೂ ಇಲ್ಲ. ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಕೇಳಿ. ಬಾಯಿ ಅಗಲ, ತಳ ಕಿರಿದು, ಇಳಿಜಾರು ಬಹಳ ಕಡಿಮೆ. ಮೇಲಿಂದ ಒಂದು ಸಣ್ಣ ಒತ್ತು ಬಿದ್ದರೆ ಗೋಡೆಗೆ ಗೋಡೆ ಎಷ್ಟೋ ಪಟ್ಟು ಬಲವಾಗಿ ಅದುಮಿಕೊಳ್ಳುತ್ತದೆ. ಆಮೇಲೆ ಎಳೆದರೂ ಇಲ್ಲ, ತಿರುಗಿಸಿದರೂ ಇಲ್ಲ. ಒಳಗಿನ ಲೋಟಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಬಿಸಿನೀರಿನಲ್ಲಿ ಇಳಿಬಿಟ್ಟರೆ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಹೊರಗಿನದು ಹಿಗ್ಗುತ್ತದೆ, ಒಳಗಿನದು ಹಿಗ್ಗುವುದಿಲ್ಲ. ಮನೆಗೆ ನೆಂಟರು ಬಂದ ದಿನವೇ ಲೋಟ ಯಾಕೆ ಸಿಕ್ಕಿಕೊಳ್ಳುತ್ತದೆ ಎನ್ನುವುದಕ್ಕೆ ಮಾತ್ರ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ.

ಈಗ ನನ್ನ ನಿಜವಾದ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ನೆಲ. ಬೆಂಗಳೂರಿನ ಹಳೇ ಮನೆಗಳ ಹಿತ್ತಲಲ್ಲಿ, ಬಚ್ಚಲಲ್ಲಿ ಚಪ್ಪಡಿ ಕಲ್ಲು ಇರುತ್ತಿತ್ತು. ಉಳಿ ಏಟಿನ ಗುರುತು ಹಾಗೇ ಉಳಿದ, ಕಾಲಿಗೆ ತರಿತರಿ ಎನ್ನುವ ಕಲ್ಲು. ಎಷ್ಟು ನೀರು ಚೆಲ್ಲಿದರೂ ನೀರು ಆ ಗುಳಿಗಳಿಗೆ ಇಳಿಯುತ್ತಿತ್ತು, ಕಲ್ಲಿನ ತರಿ ಅಂಗಾಲಿಗೆ ತಾಗುತ್ತಿತ್ತು. ಈಗ ಫ್ಲ್ಯಾಟ್ ತೋರಿಸುವವರು ಬಾಗಿಲು ತೆಗೆದ ಕೂಡಲೇ ನೆಲ ತೋರಿಸುತ್ತಾರೆ. "ನೋಡಿ ಸರ್, ಮುಖ ಕಾಣುತ್ತೆ!" ನೆಲದಲ್ಲಿ ಮುಖ ನೋಡಿಕೊಳ್ಳುವ ಅವಸರ ಯಾರಿಗಿದೆಯೋ ಗೊತ್ತಿಲ್ಲ. ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮೇಲೆ ನೀರು ಬಿದ್ದರೆ ಅದಕ್ಕೆ ಹೋಗಲು ಜಾಗವೇ ಇಲ್ಲ. ತೆಳ್ಳಗೆ ಹಾಳೆಯಾಗಿ ನಿಲ್ಲುತ್ತದೆ. ಕಾಲು ನೆಲ ಮುಟ್ಟುವುದಿಲ್ಲ, ನೀರನ್ನು ಮುಟ್ಟುತ್ತದೆ. ಆಮೇಲೆ ಅದೇ ಮನೆಯವರು ಅಂಗಡಿಗೆ ಹೋಗಿ ಬಚ್ಚಲ ಬಾಗಿಲಿಗೊಂದು, ಸಿಂಕಿನ ಮುಂದೊಂದು, ಅಜ್ಜಿಯ ಮಂಚದ ಪಕ್ಕಕ್ಕೊಂದು ರಬ್ಬರ್ ಮ್ಯಾಟ್ ತರುತ್ತಾರೆ. ದುಡ್ಡು ಕೊಟ್ಟು ಉಜ್ಜಿಸಿ ತೆಗೆಸಿದ ಘರ್ಷಣೆಯನ್ನು ಮತ್ತೆ ದುಡ್ಡು ಕೊಟ್ಟು ತುಂಡು ತುಂಡಾಗಿ ಕೊಂಡುಕೊಳ್ಳುವುದು.

ಹಿಂದಿನವರು ಈ ವಿಷಯದಲ್ಲಿ ಬುದ್ಧಿವಂತರು. ಒರಳುಕಲ್ಲು ಸವೆದು ನುಣ್ಣಗಾದರೆ ಉಳಿ ಸುತ್ತಿಗೆಯವರನ್ನು ಕರೆದು ಮತ್ತೆ ತರಿ ಮಾಡಿಸುತ್ತಿದ್ದರು. ಕಲ್ಲಿನಲ್ಲಿ ಮುಖ ಕಾಣಬೇಕು ಅಂತ ಯಾರೂ ಹೇಳಲಿಲ್ಲ. ಚಟ್ನಿ ನುಣ್ಣಗಾಗಬೇಕಾದರೆ ಕಲ್ಲು ತರಿಯಾಗೇ ಇರಬೇಕು.

ರಸ್ತೆಯಲ್ಲೂ ಇದೇ ಕಥೆ. ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದಾಗ ಊರೆಲ್ಲ ಮಣ್ಣಿನ ವಾಸನೆ ಹಿಡಿದು ಖುಷಿಪಡುತ್ತಿದ್ದರೆ, ಸ್ಕೂಟರ್‌ನವರು ಮಾತ್ರ ಎರಡೂ ಕಾಲು ಕೆಳಗೆ ಬಿಟ್ಟುಕೊಂಡು ಹೋಗುತ್ತಿರುತ್ತಾರೆ. ಬೇಸಿಗೆಯಿಡೀ ರಸ್ತೆಗೆ ತೊಟ್ಟಿಕ್ಕಿದ ಆಯಿಲ್ಲು, ಧೂಳು, ಟೈರಿನ ಪುಡಿ ಎಲ್ಲ ಆ ಮೊದಲ ಹನಿಗಳಲ್ಲಿ ಕಲಸಿ ಲೇಪವಾಗುತ್ತದೆ. ಜೋರು ಮಳೆ ಬಂದು ತೊಳೆದರೆ ವಾಸಿ. ತುಂತುರಿಗೆ ನಿಂತರೆ ಅಪಾಯ. ಒಣ ಟಾರಿನ ಮೇಲೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಕಚ್ಚಿದ ಗಾಡಿ ಸುಮಾರು 9 ಮೀಟರಿನಲ್ಲಿ ನಿಂತರೆ, ಒದ್ದೆ ರಸ್ತೆಯಲ್ಲಿ ಅದಕ್ಕೆ 15 ಮೀಟರಿಗೂ ಹೆಚ್ಚು ಬೇಕಾಗಬಹುದು. ನಮ್ಮ ಊರಿನ ಟ್ರಾಫಿಕ್ಕಿನಲ್ಲಿ 40 ಎಲ್ಲಿ ಬಂತು ಎನ್ನಬೇಡಿ. ರಾತ್ರಿ ಹನ್ನೊಂದರ ಮೇಲೆ ಬರುತ್ತದೆ.

ಜಾರುವ ಜಾಗಗಳ ನಕ್ಷೆ ಸ್ಕೂಟರ್‌ನವರ ತಲೆಯಲ್ಲಿರುತ್ತದೆ. ಜೀಬ್ರಾ ಕ್ರಾಸಿಂಗಿನ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿ ಗುಂಡಿಯ ಮೇಲೆ ಹಾಸಿದ ಕಬ್ಬಿಣದ ಹಲಗೆ, ತಿರುವಿನಲ್ಲಿ ಲಾರಿಯಿಂದ ಉದುರಿದ ಜಲ್ಲಿ. ಮೇ ತಿಂಗಳಲ್ಲಿ ಇನ್ನೊಂದು ಸೇರುತ್ತದೆ. ಮರದ ಮೇಲೆ ಗುಲ್‌ಮೊಹರ್ ಕೆಂಪಗೆ ಕಂಡರೆ ಎಲ್ಲರೂ ಫೋಟೋ ತೆಗೆಯುತ್ತಾರೆ. ಕೆಳಗೆ ಬಿದ್ದು ಮಳೆಯಲ್ಲಿ ನೆನೆದ ಅದರ ಎಸಳುಗಳ ಮೇಲೆ ಯಾರೂ ಬ್ರೇಕ್ ಹಾಕುವುದಿಲ್ಲ.

ಘರ್ಷಣೆ ನಂಬಿಕೆಗೆ ಯೋಗ್ಯ ಎಂದು ನನಗೆ ಅನ್ನಿಸುವುದು ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ. ಹತ್ತಿಯ ಎಳೆ ಒಂದೊಂದೂ ಸಾಮಾನ್ಯವಾಗಿ ಮೂರು ಸೆಂಟಿಮೀಟರ್ ಆಸುಪಾಸು. ಅದನ್ನು ಅಂಟು ಹಾಕಿ ಸೇರಿಸುವುದಿಲ್ಲ, ಗಂಟೂ ಹಾಕುವುದಿಲ್ಲ. ಹುರಿ ಮಾಡುತ್ತಾರೆ, ಅಷ್ಟೇ. ಹುರಿಯ ಬಿಗಿಗೆ ಎಳೆ ಎಳೆಯನ್ನು ಹಿಡಿದುಕೊಂಡು ಮೈಲಿಗಟ್ಟಲೆ ನೂಲಾಗುತ್ತದೆ. ಎಳೆಗಳ ನಡುವೆ ಘರ್ಷಣೆ ಇಲ್ಲದೇ ಹೋದರೆ ನಾವು ಹಾಕಿಕೊಂಡ ಅಂಗಿ ನಿಂತಲ್ಲೇ ಹತ್ತಿಯ ಕಸವಾಗಿ ಕಾಲಬುಡಕ್ಕೆ ಉದುರುತ್ತಿತ್ತು.

ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. ನುಣುಪಾದ ಸೀರೆಗೆ ಒಳಗೆ ಸ್ಯಾಟಿನ್ ಲಂಗ ಉಟ್ಟರೆ ನೆರಿಗೆ ಒಂದೊಂದಾಗಿ ಇಳಿಯುತ್ತಾ ಬರುತ್ತದೆ. ಕಾಟನ್ ಲಂಗವಾದರೆ ಸಂಜೆಯ ರಿಸೆಪ್ಷನ್‌ವರೆಗೂ ಕದಲುವುದಿಲ್ಲ. ಗಂಡಸರಿಗೆ ಮಾತ್ರ ಈ ಜ್ಞಾನ ಮದುವೆ ಛತ್ರದಲ್ಲಿ, ಎಲ್ಲರ ಎದುರಿಗೇ ಬರುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಪಂಚೆ, ದಿನಾ ಜೀನ್ಸ್ ಹಾಕುವ ಸೊಂಟ. ಒಂದು ಕೈ ನೆಂಟರಿಗೆ ನಮಸ್ಕಾರ ಹೇಳುತ್ತಿದ್ದರೆ ಇನ್ನೊಂದು ಸೊಂಟದ ಮೇಲೇ ಇರುತ್ತದೆ. ಅದಕ್ಕೇ ಈಗ ಪಂಚೆಗೆ ಬೆಲ್ಟು ಬಂದಿದೆ, ವೆಲ್ಕ್ರೋ ಅಂಟಿಸಿದ ಪಂಚೆಯೂ ಬಂದಿದೆ. ಹಳಬರು ಇದ್ಯಾವುದರ ಗೊಡವೆಗೂ ಹೋಗುವುದಿಲ್ಲ. ಪಂಚೆಯ ಅಂಚನ್ನು ಸೊಂಟದ ಸುತ್ತ ಎರಡು ಮೂರು ಮಡಿಕೆ ಸುರುಳಿ ಸುತ್ತಿ ಒಳಗೆ ಸಿಕ್ಕಿಸುತ್ತಾರೆ. ಸುತ್ತು ಜಾಸ್ತಿಯಾದಂತೆ ಹಿಡಿತವೂ ಬಿಗಿಯಾಗುತ್ತದೆ. ಹಾಗೆ ಉಟ್ಟು ಬಡಿಸುವ ಬಕೆಟ್ ಹಿಡಿದು, ಬಗ್ಗಿ ಎದ್ದು ನಾಲ್ಕು ಪಂಕ್ತಿ ಓಡಾಡುವ ದೊಡ್ಡಪ್ಪಂದಿರು ಪ್ರತಿ ಮದುವೆಯಲ್ಲೂ ಸಿಗುತ್ತಾರೆ. ಅಂಥವರೊಬ್ಬರು ನನ್ನ ಬೆಲ್ಟನ್ನು ಮೇಲಿಂದ ಕೆಳಗೆ ನೋಡಿ, ಎಲೆಗೆ ಎರಡನೇ ಹೋಳಿಗೆ ಹಾಕುತ್ತಾ ಹೇಳಿದರು: "ಹೊಟ್ಟೆ ತುಂಬಾ ಊಟ ಮಾಡಪ್ಪಾ, ಬೆಲ್ಟು ತಾನಾಗೇ ಬಿಗಿಯಾಗುತ್ತೆ."