ಜಪಾಂಡಿ ಸೋಫಾ ಮತ್ತು ದೊಡ್ಡಪ್ಪನ ಮಂಡಿ

ಜಪಾನ್ ಮತ್ತು ಸ್ಕ್ಯಾಂಡಿನೇವಿಯಾದ ಅಭಿರುಚಿಗಳನ್ನು ಬೆಸೆದ ಗೃಹಾಲಂಕಾರಕ್ಕೆ ಜಪಾಂಡಿ ಎಂದು ಹೆಸರು. ಚಿತ್ರಗಳಲ್ಲಿ ನೋಡಿದರೆ ಕಣ್ಣಿಗೆ ತಂಪು. ತಿಳಿ ಬಣ್ಣದ ಮರ, ನೆಲಕ್ಕೆ ಅಂಟಿಕೊಂಡಂಥ ಸೋಫಾ, ಮೂಲೆಯಲ್ಲೊಂದು ಮಣ್ಣಿನ ಹೂಜಿ, ಅದರಲ್ಲಿ ಎಲೆಯೇ ಇಲ್ಲದ ಒಂದು ಕೊಂಬೆ. ಚಾರ್ಜರಿನ ವೈರಿಲ್ಲ, ಹಳೆಯ ಪತ್ರಿಕೆಗಳ ರಾಶಿಯಿಲ್ಲ, ಒಗೆದು ಮಡಿಸದೆ ಬಿಟ್ಟ ಬಟ್ಟೆಯಿಲ್ಲ. ಸ್ವಲ್ಪ ಗಮನವಿಟ್ಟು ನೋಡಿ, ಮನುಷ್ಯರೂ ಇರುವುದಿಲ್ಲ. ಆ ಮನೆಗಳು ಅಷ್ಟೊಂದು ಚೊಕ್ಕಟವಾಗಿರುವುದರ ಗುಟ್ಟು ಅದೇ ಎಂದು ನನ್ನ ಗುಮಾನಿ.

ನಮ್ಮ ಮನೆಯಲ್ಲಿ ಈ ಶೈಲಿಯ ಪರವಾಗಿ ವಕಾಲತ್ತು ವಹಿಸಿದವಳು ಮಗಳು. ಅವಳದು ಇನ್ನೊಂದು ಷರತ್ತೂ ಇತ್ತು: ತರುವ ಸಾಮಾನೆಲ್ಲ ಪರಿಸರಕ್ಕೆ ಹಿತವಾಗಿರಬೇಕು, ಮೊಮ್ಮಕ್ಕಳ ಕಾಲದವರೆಗೂ ಬಾಳಬೇಕು. ಯಾರ ಮೊಮ್ಮಕ್ಕಳು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅವಳ ಕಣ್ಣು ಮೊದಲು ಬಿದ್ದದ್ದು ಡೆನ್ಮಾರ್ಕಿನ ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ, ಬೆನ್ನಿನಲ್ಲಿ ಕವೆಗೋಲಿರುವ ಕುರ್ಚಿಯ ಮೇಲೆ. ಡೆನ್ಮಾರ್ಕಿನವರೊಬ್ಬರು ಚೀನಾದ ಮಿಂಗ್ ಕಾಲದ ಕುರ್ಚಿಗಳಿಂದ ಸ್ಫೂರ್ತಿ ಪಡೆದು ಮಾಡಿದ್ದನ್ನು ಜಪಾನಿನವರು ಮೆಚ್ಚಿಕೊಂಡರಂತೆ. ಇಷ್ಟು ದೇಶಗಳು ಸೇರಿ ನನ್ನೊಬ್ಬನ ಜೇಬಿಗೆ ಕೈ ಹಾಕುವುದು ಯಾವ ನ್ಯಾಯ? ಅದರ ಆಸನವನ್ನು ಸುಮಾರು 120 ಮೀಟರ್ ಕಾಗದದ ಹುರಿಯಿಂದ ಕೈಯಲ್ಲೇ ಹೆಣೆಯುತ್ತಾರೆ ಎಂದು ಮಗಳು ಓದಿ ಹೇಳಿದಾಗ ನನ್ನ ಹೆಂಡತಿ ತಲೆಯೆತ್ತಿ, "ಕಾಗದದ ಮೇಲೆ ನಿಮ್ಮ ದೊಡ್ಡಪ್ಪನವರನ್ನು ಕೂರಿಸುತ್ತೀರಾ?" ಎಂದಳು. ಬಿಗಿಯಾಗಿ ಹೊಸೆದ ಕಾಗದ ದಶಕಗಟ್ಟಲೆ ಬಾಳುತ್ತದೆ, ಸಡಿಲವಾದರೆ ಮತ್ತೆ ಹೆಣೆಸಬಹುದು ಎಂದು ಮಗಳು ವಾದಿಸಿದಳು. ಮಾತೇನೋ ನಿಜ. ಆದರೆ ಬೆಲೆ ನೋಡಿದ ಮೇಲೆ ಚರ್ಚೆ ತಾನಾಗಿಯೇ ಮುಗಿಯಿತು.

ಪೀಠೋಪಕರಣಗಳ ಅಂಗಡಿಗೆ ಹೋದರೆ ಅಲ್ಲಿ ಪರಿಸರಸ್ನೇಹಿಯಲ್ಲದ ವಸ್ತು ಒಂದೂ ಇರಲಿಲ್ಲ. ಪ್ಲಾಸ್ಟಿಕ್ ಕಸದಬುಟ್ಟಿಯ ಮೇಲೂ ಹಸಿರೆಲೆಯ ಚೀಟಿ. ಮಗಳು ಬಗ್ಗುವವಳಲ್ಲ, ಎಫ್‌ಎಸ್‌ಸಿ ಗುರುತು ಎಲ್ಲಿ ಎಂದು ಕೇಳಿದಳು. ಕಾಡನ್ನು ಹಾಳುಗೆಡವದೆ ತಂದ ಮರ ಎನ್ನುವುದಕ್ಕೆ 1993ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದು ಕೊಡುವ ಗುರುತು ಅದು. ಅದರಲ್ಲೂ ಪೂರ್ತಿ ಪ್ರಮಾಣಿತ ಕಾಡಿನದು, ಮಿಶ್ರ, ಮರುಬಳಕೆಯದು ಎಂಬ ಭೇದಗಳಿವೆ. ಮಾರಾಟದ ಹುಡುಗ ಗೋದಾಮಿಗೆ ಓಡಿಹೋಗಿ ವಿಜಯೋತ್ಸಾಹದಿಂದ ಒಂದು ಡಬ್ಬ ಹೊತ್ತು ತಂದ. ಗುರುತು ಇತ್ತು, ರಟ್ಟಿನ ಡಬ್ಬದ ಮೇಲೆ.

"ಇದು ಡಬ್ಬಕ್ಕೆ ಸಿಕ್ಕಿದ ಪ್ರಮಾಣಪತ್ರವಲ್ಲವೇ? ಒಳಗಿರುವ ಕುರ್ಚಿಯದು?" ಎಂದೆ.

"ಡಬ್ಬವೂ ನಿಮಗೇ ಸರ್," ಎಂದ.

ಅವನ ಮುಂದಿನ ಅಸ್ತ್ರ ಬಿದಿರಿನ ಮೇಜು. ಬಿದಿರು ಮರವೇ ಅಲ್ಲ, ಹುಲ್ಲಿನ ಜಾತಿ; ಕೆಲವೇ ವರ್ಷಗಳಲ್ಲಿ ಕಟಾವಿಗೆ ಬರುತ್ತದೆ. ಅಲ್ಲಿಯವರೆಗೆ ಸರಿ. ಆದರೆ ಟೊಳ್ಳಾದ ಬಿದಿರು ಚಪ್ಪಟೆ ಹಲಗೆಯಾಗಬೇಕಾದರೆ ಅದನ್ನು ಸೀಳಿ, ಪಟ್ಟಿಗಳನ್ನು ಅಂಟು ಹಾಕಿ ಒತ್ತಬೇಕು. ಹಾಗಾಗಿ ಪ್ರಶ್ನೆ ಹುಲ್ಲಿನದಲ್ಲ, ಅಂಟಿನದು. ಅಗ್ಗದ ಅಂಟಾದರೆ ಅದರಿಂದ ಕಣ್ಣುರಿಸುವ ಫಾರ್ಮಾಲ್ಡಿಹೈಡ್ ಅನಿಲ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಜಪಾನಿನಲ್ಲಿ ಹಲಗೆಗಳ ಮೇಲೆ ಎಫ್ ಅಕ್ಷರದ ಪಕ್ಕ ನಕ್ಷತ್ರಗಳನ್ನು ಅಚ್ಚು ಹಾಕುತ್ತಾರೆ. ನಾಲ್ಕು ನಕ್ಷತ್ರಗಳಿದ್ದರೆ ಅನಿಲ ಅತಿ ಕಡಿಮೆ ಎಂದರ್ಥ. ಇಲ್ಲಿ ನಕ್ಷತ್ರಗಳು ಕಾಣಲಿಲ್ಲವಾದ್ದರಿಂದ ನಮ್ಮ ಮೂಗುಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಕಪಾಟುಗಳ ಡ್ರಾಯರ್ ಎಳೆದು, ಒಳಗೆ ತಲೆ ತೂರಿಸಿ, ದೀರ್ಘವಾಗಿ ಉಸಿರೆಳೆದುಕೊಳ್ಳುತ್ತ ಅಪ್ಪ ಮಗಳು ಅಂಗಡಿಯುದ್ದಕ್ಕೂ ಸಾಗಿದೆವು. ಕಣ್ಣುರಿ ಬಂದರೆ ಆ ಕಪಾಟು ಫೇಲು. ನನ್ನ ಹೆಂಡತಿ ನಮಗೂ ತನಗೂ ಸಂಬಂಧವಿಲ್ಲ ಎಂಬಂತೆ ಪರದೆಗಳ ವಿಭಾಗಕ್ಕೆ ಹೋಗಿ ನಿಂತಳು.

ಪೈನ್ ಮರದ ಮೇಜೊಂದು ನನಗೆ ಹಿಡಿಸಿತ್ತು. ಬೆಳ್ಳಗಿತ್ತು, ಹಗುರವಾಗಿತ್ತು. ಆದರೆ ಪೈನ್ ಎಷ್ಟು ಮೃದುವೆಂದರೆ ಉಗುರು ಒತ್ತಿದರೂ ಗೀರು ಬೀಳುತ್ತದೆ. ಆ ಮೇಜಿನ ಮೇಲೆ ಯಾರೋ ಕಾಗದವಿಟ್ಟು ಬಿಲ್ಲು ಬರೆದಿದ್ದರು. ಬೆಳಕಿಗೆ ಓರೆಯಾಗಿ ನೋಡಿದರೆ ಹಿಂದಿನ ಗಿರಾಕಿಗೆ ಕೊಟ್ಟ ರಿಯಾಯಿತಿ ಅಂಕಿಸಮೇತ ಮರದಲ್ಲಿ ಅಚ್ಚೊತ್ತಿತ್ತು. ನಾನು ಅಷ್ಟೇ ರಿಯಾಯಿತಿ ಕೇಳಿದಾಗ ಹುಡುಗನ ಮುಖದಲ್ಲಿ ಮೂಡಿದ ಅಚ್ಚರಿಯನ್ನು ಮರೆಯಲಾರೆ. ರಿಯಾಯಿತಿಯೇನೋ ಸಿಕ್ಕಿತು, ಆದರೆ ಅದನ್ನು ಬಳಸಿಕೊಂಡದ್ದು ಪಕ್ಕದಲ್ಲಿದ್ದ ಗಟ್ಟಿ ಓಕ್ ಮೇಜಿಗೆ. ಅಪ್ಪಟ ಮರವೇ ಎಂದು ತಿಳಿಯಲು ಮಗಳು ಮೇಜಿನ ಅಂಚಿನ ಬಳಿ ಮಂಡಿಯೂರಿ, ಮೇಲಿನ ಎಳೆಗಳು ತುದಿಯಲ್ಲಿ ಇಳಿದಿವೆಯೇ ಎಂದು ಪರೀಕ್ಷಿಸಿದಳು. ವೆನೀರ್ ಎಂಬ ತೆಳು ಮರದ ಹಾಳೆ ಅಂಟಿಸಿದ ಮೇಜಾದರೆ ಒಮ್ಮೆ ಉಜ್ಜುವಷ್ಟರಲ್ಲಿ ಒಳಗಿನ ಹೊಟ್ಟಿನ ಹಲಗೆ ಇಣುಕುತ್ತದೆ. ಗಟ್ಟಿಮರವಾದರೆ ತಲೆಮಾರಿಗೊಮ್ಮೆ ಉಜ್ಜಿ ಹೊಸದು ಮಾಡಬಹುದು.

ಮೇಜು ಮನೆಗೆ ಬಂದಿತು. ಅದರ ಜೊತೆ ಅದರ ದಿನಚರಿಯೂ ಬಂದಿತು. ಡೆನ್ಮಾರ್ಕಿನಲ್ಲಿ ತಿಳಿ ಬಣ್ಣದ ಮರಕ್ಕೆ ವಾರ್ನಿಷ್ ಬದಲು ಸೋಪಿನ ಚೂರುಗಳನ್ನು ನೀರಿನಲ್ಲಿ ಕದಡಿ ಬಳಿಯುವ ರೂಢಿಯಿದೆ. ನಾವೂ ಬಳಿದೆವು. ನಮಗಿಂತ ಹೆಚ್ಚು ಸಲ ಸೋಪು ಕಂಡ ಜೀವ ಅದು. ಲೋಟದ ಕೆಳಗೆ ಬಿಲ್ಲೆ, ಬಿಲ್ಲೆಯ ಕೆಳಗೆ ಬಟ್ಟೆ. ಇಷ್ಟೆಲ್ಲ ಕಾವಲಿನ ನಡುವೆಯೂ ಒಂದು ರಾತ್ರಿ ಯಾರೋ ತೊಳೆದ ಕಬ್ಬಿಣದ ಬಾಣಲೆಯನ್ನು ಒರೆಸದೆ ಅದರ ಮೇಲೆ ಬೋರಲು ಹಾಕಿದರು. ಬೆಳಗ್ಗೆ ಎತ್ತಿದರೆ ಮೇಜಿನ ನಡುವೆ ನೀಲಿಗಪ್ಪು ಬಳೆ. ಓಕ್ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ಒದ್ದೆ ಕಬ್ಬಿಣವನ್ನು ಕಂಡರೆ ಹೀಗೆಯೇ ಕಪ್ಪಾಗುತ್ತದೆ. ಯೂರೋಪಿನಲ್ಲಿ ಶತಮಾನಗಳ ಕಾಲ ಓಕ್ ಮರದ ಮೇಲೆ ಕೀಟಗಳಿಂದಾಗಿ ಏಳುವ ಗಂಟುಗಳಿಂದ ಬರವಣಿಗೆಯ ಶಾಯಿ ಮಾಡುತ್ತಿದ್ದುದೂ ಇದೇ ರಸಾಯನವಿದ್ಯೆಯಿಂದ. ನಮಗೆ ಬೇಡದಿದ್ದರೂ ಮನೆಯಲ್ಲೇ ಶಾಯಿ ತಯಾರಾಗಿತ್ತು. ಅದನ್ನು ಆಕ್ಸಾಲಿಕ್ ಆಮ್ಲದಿಂದ ತೆಗೆಯಬಹುದು ಎಂದು ಮಗಳು ಕೈಗವಸು ಹುಡುಕತೊಡಗಿದಳು.

"ಈ ಬಾಣಲೆ ನಮ್ಮ ಅತ್ತೆಯವರ ಕಾಲದ್ದು," ಎಂದಳು ನನ್ನ ಹೆಂಡತಿ, ಅದನ್ನು ಎದೆಗವಚಿಕೊಂಡು. "ಇಷ್ಟು ವರ್ಷ ಬಾಳಿದೆ. ಅದಕ್ಕೆ ಯಾರೂ ಸೋಪಿನ ಅಭ್ಯಂಜನ ಮಾಡಿಸಿಲ್ಲ, ಬಿಲ್ಲೆಯನ್ನೂ ಕೊಟ್ಟಿಲ್ಲ."

ನಿಜವಾದ ಪರೀಕ್ಷೆ ಬಂದದ್ದು ನಾವು ತಂದ ಜಪಾಂಡಿ ಸೋಫಾದಿಂದ. ಸಾಮಾನ್ಯ ಸೋಫಾದ ಆಸನ ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರವಿದ್ದರೆ ಇದರದು 35ರ ಆಸುಪಾಸು. ತತಾಮಿ ಚಾಪೆಯ ಮೇಲೆ ಕುಳಿತು ಬದುಕಿದ ನಾಡಿನ ಲೆಕ್ಕ ಅದು. ದೊಡ್ಡಪ್ಪ ಬಂದರು, ಸೋಫಾ ನೋಡಿದರು, ಕೂರಲು ಹೊರಟರು. ಎಂದಿನ ಅಂದಾಜಿನ ಎತ್ತರದಲ್ಲಿ ಆಸನ ಸಿಗಲಿಲ್ಲ. ಆಮೇಲಿನದೆಲ್ಲ ಗುರುತ್ವಾಕರ್ಷಣೆಯ ಕೆಲಸ. ಕುಳಿತಾದ ಮೇಲೆ ಅವರ ಮಂಡಿಗಳು ಎದೆಯ ಮಟ್ಟಕ್ಕೆ ಬಂದು ನಿಂತವು. ಎರಡು ಮಂಡಿಗಳ ನಡುವಿನ ಸಂದಿಯಿಂದ ನಮ್ಮೊಡನೆ ಬಹಳ ಹೊತ್ತು ಲೋಕಾಭಿರಾಮವಾಗಿ ಮಾತನಾಡಿದರು. ಏಳಲಾಗದೆ ಕುಳಿತಿದ್ದಾರೆ ಎಂದು ನಮಗೆ ಹೊಳೆದದ್ದು ಅವರು ಹವಾಮಾನದ ವಿಷಯವನ್ನು ಮತ್ತೆ ಮೊದಲಿನಿಂದ ಶುರುಮಾಡಿದಾಗ. ಕೊನೆಗೆ ಓಕ್ ಮೇಜಿನ ಅಂಚು ಹಿಡಿದು ಎದ್ದರು. ಮೇಜು ಕೂದಲೆಳೆಯಷ್ಟೂ ಅಲುಗಲಿಲ್ಲ. ಗಟ್ಟಿಮರಕ್ಕೆ ಕೊಟ್ಟ ಹಣ ಅಂದೇ ವಸೂಲಾಯಿತು ಎನ್ನಬೇಕು.

"ಆ ಹಳೆಯ ಕುರ್ಚಿ ಎಲ್ಲಿ?" ಎಂದರು ದೊಡ್ಡಪ್ಪ, ನಿಂತುಕೊಂಡೇ.

ಅದು ಬಾಗಿಲ ಹೊರಗೆ ಗುಜರಿಯವನಿಗಾಗಿ ಕಾಯುತ್ತಿತ್ತು. ಎತ್ತರದ ಬೆನ್ನು, ಅಗಲ ಕೈ, ಕಡುಗಂದು ಪಾಲಿಶ್, ಎಲ್ಲೂ ಲೊಡಕಿಲ್ಲ. ಕಾಡು ಉಳಿಸಲೆಂದು ಹೊಸ ಮರ ಕೊಂಡು, ಯಾವತ್ತೋ ಕಡಿದಾಗಿರುವ ಒಳ್ಳೆಯ ಮರವನ್ನು ಗುಜರಿಗೆ ಹಾಕುವುದು ಯಾವ ಲೆಕ್ಕ ಎಂದು ನನ್ನ ಹೆಂಡತಿ ಮೊದಲ ದಿನವೇ ಕೇಳಿದ್ದಳು. ಬಣ್ಣ ಹೊಂದುವುದಿಲ್ಲ ಎಂಬುದಷ್ಟೇ ಮಗಳ ಉತ್ತರವಾಗಿತ್ತು. ಈಗ ಅವಳೂ ಮೆತ್ತಗಾದಳು. ಪಾಲಿಶ್ ಕೆರೆದು ತಿಳಿ ಬಣ್ಣಕ್ಕೆ ತರುವುದಾದರೆ ಕುರ್ಚಿ ಒಳಗೆ ಬರಬಹುದು ಎಂದು ಒಪ್ಪಂದವಾಯಿತು.

ಬಡಗಿ ಬಂದು ಮರಳು ಕಾಗದ ಹಿಡಿದು ಮುಂದಿನ ಎಡಗಾಲನ್ನು ಉಜ್ಜಿ ಬೆಳ್ಳಗೆ ಮಾಡಿದ. ಅಷ್ಟರಲ್ಲಿ ದೊಡ್ಡಪ್ಪ ಮತ್ತೆ ಬಂದು ಅದರಲ್ಲಿ ಕುಳಿತರು. ಈಗ ಅವರು ದಿನವೂ ಬರುತ್ತಾರೆ, ಬಡಗಿ ಬರುವುದಕ್ಕಿಂತ ಮುಂಚೆ. ಮೂರು ಕಾಲು ಕಡುಗಂದು, ಒಂದು ಕಾಲು ಜಪಾಂಡಿ. ಬಡಗಿ ಪಕ್ಕದಲ್ಲಿ ಸೋಫಾದ ಮೇಲೆ ಕಾಯುತ್ತಾನೆ. ಅವನನ್ನೂ ಕೈಹಿಡಿದು ಎಬ್ಬಿಸಬೇಕು.